ಲಿಫ್ಟಪ್ಪನ ಬೆಲ್ಲು ಯಾರ ಮನೆಗೆ ಹೋಯಿತು

“ಕೇಳಿಸ್ತು! ಕೇಳಿಸ್ತು! ಏನು ಜೋರಾಗಿದೆ ಅಂತೀರಿ!” ಎಂದು ಕಿವಿರಾಯ ಮುಂದಿನ ಕೋಣೆಯಿಂದ ಕೂಗಿದ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಕಡೆಗೂ ಈ ಕಡೆಗೂ ಸುದ್ದಿ ಮುಟ್ಟಿಸುತ್ತಿದ್ದ ಅವನ ಹೆಂಡತಿ ಹಿಂದಿನ ಕೋಣೆಯತ್ತ ಕತ್ತು ಚಾಚಿ ಅಲ್ಲಿನ ಕೈಸನ್ನೆ ನೋಡಿಕೊಂಡಳು. ಆಮೇಲೆ ಈ ಕಡೆ ತಿರುಗಿ, ಮುಖದ ಒಂದು ಗೆರೆಯೂ ಅಲುಗದಂತೆ ಹೇಳಿದಳು:

“ಮಾವ ಇನ್ನೂ ಬಟನ್ ಒತ್ತೇ ಇಲ್ವಂತೆ.”

ಹೊಸ ಬೆಲ್ಲು ನೋಡಲೆಂದು ಕೆಳಗಿನ ಮನೆಯಿಂದ ಮೆಟ್ಟಿಲು ಹತ್ತಿ ಬಂದಿದ್ದ ಟೀಚರಮ್ಮ ಕೆಮ್ಮು ಬಂದವರಂತೆ ಬಾಯಿಗೆ ಕೈ ಅಡ್ಡ ಹಿಡಿದರು. ಕಿವಿರಾಯನ ಕಿವಿ ಎರಡೂ ಕೆಂಪಾದವು.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಊರಿನವರ ಕಿವಿ ಪರೀಕ್ಷಿಸುವುದೇ ಇವನ ಉದ್ಯೋಗ. ಕಿವಿ ಆಸ್ಪತ್ರೆಯ ಸದ್ದಿಲ್ಲದ ಡಬ್ಬಿಕೋಣೆಯೊಳಗೆ ಜನರನ್ನು ಕೂರಿಸಿ, ಹೆಡ್‌ಫೋನ್ ತೊಡಿಸಿ, ‘ಸದ್ದು ಕೇಳಿದ ತಕ್ಷಣ ಬಟನ್ ಒತ್ತಿ’ ಎಂದು ಹೇಳುತ್ತಾ ಅವನ ತಲೆ ನರೆತಿತ್ತು. ಸದ್ದೇ ಬಿಡದಿದ್ದಾಗಲೂ ಕೇಳಿಸಿತೆಂದು ಟಕ್ಕನೆ ಒತ್ತುವವರನ್ನು ಅವನು ದಿನಾ ನೋಡುತ್ತಿದ್ದ. ಅಂಥವರ ಬಗ್ಗೆ ಮನೆಗೆ ಬಂದು ಆಡಿಕೊಳ್ಳುವುದೂ ಇತ್ತು. ಇವತ್ತು ಟೀಚರಮ್ಮನೆದುರಿಗೆ ತಾನೇ ಆ ಸಾಲಿಗೆ ಸೇರಿದ್ದ.

“ಸರಿ, ಈಗ ಒತ್ತಕ್ಕೆ ಹೇಳು” ಎಂದ, ಸ್ವಲ್ಪ ಗಂಭೀರವಾಗಿ.

ಒತ್ತಿದ್ದಾಯಿತು. ಕಂಪ್ಯೂಟರ್ ಗಪ್‌ಚಿಪ್. ಕಿವಿರಾಯ ಬಗ್ಗಿ ಸ್ಪೀಕರಿಗೆ ಕಿವಿಯಿಟ್ಟ. ಮತ್ತೆ ಒತ್ತಿದ್ದಾಯಿತು. ಸ್ಪೀಕರ್ ಉಸಿರೂ ಬಿಡಲಿಲ್ಲ. “ನಿನ್ನೆ ರಾತ್ರಿ ಚೆನ್ನಾಗೇ ಇತ್ತಲ್ಲ” ಎಂದು ಅವನು ಗೊಣಗಿದ್ದು ಮಾತ್ರ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

ಹಿಂದಿನ ಕೋಣೆಯ ಮಂಚದ ಮೇಲೆ, ಕೊರಳಲ್ಲಿ ಹಳೆಯ ಬೀಗದ ಕೈಯೊಂದರ ಜೊತೆ ದಾರಕ್ಕೆ ಕಟ್ಟಿದ ಬಟನ್ ಇಳಿಬಿಟ್ಟುಕೊಂಡು ಕೂತಿದ್ದವರು ಲಿಫ್ಟಪ್ಪ. ಕಿವಿರಾಯನಿಗೆ ಅಪ್ಪ, ಬೀದಿಗೆಲ್ಲ ಲಿಫ್ಟಪ್ಪ. ಆಯುಷ್ಯವೆಲ್ಲ ಲಿಫ್ಟ್ ರಿಪೇರಿ ಮಾಡಿದವರು. ಬದುಕಿಡೀ ಜನರನ್ನು ಮೇಲೆ ಹತ್ತಿಸಿ ಕೆಳಗಿಳಿಸಿದ ಮನುಷ್ಯ ಬಂದು ನೆಲೆಸಿದ್ದು ಲಿಫ್ಟೇ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಯಾಕೆಂದು ಯಾರಾದರೂ ಕೇಳಿದರೆ, “ಮನೇಲೂ ಕೆಲಸಾನೇ ನೋಡ್ಬೇಕಾ?” ಎನ್ನುತ್ತಿದ್ದರು.

ಅವರ ಕೆಲಸವೆಂದರೆ ಬರೀ ಎಣ್ಣೆ, ಹಗ್ಗ, ಸ್ಪ್ಯಾನರ್ ಅಲ್ಲ. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಹೊರಗೆ ತೆಗೆಯುವುದೇ ಅದರ ಮುಖ್ಯ ಭಾಗ. ಒಳಗೆ ಕೆಂಪು ಬಟನ್ ಒತ್ತಿದರೆ ಬೆಲ್ಲು. ಬೆಲ್ಲು ಬಡಿದರೆ ಲಿಫ್ಟಪ್ಪ. ಊಟದ ತಟ್ಟೆ ಬಿಟ್ಟು ಎದ್ದದ್ದೆಷ್ಟು ಸಲವೋ. ಚಿಕ್ಕವನಿದ್ದಾಗ ಕಿವಿರಾಯ ಒಮ್ಮೆ ಜೊತೆಗೆ ಹೋಗಿದ್ದ. ಒಳಗೊಬ್ಬ ದಪ್ಪ ಗುಮಾಸ್ತ ‘ಸತ್ತೆ, ಸತ್ತೆ’ ಎಂದು ಅರಚುತ್ತಿದ್ದ. ಅಪ್ಪ ಚೀಲವನ್ನೂ ಬಿಚ್ಚದೆ ಬಾಗಿಲ ಸಂದಿಗೆ ಬಾಯಿಟ್ಟು, “ನಾನು ಬಂದಿದೀನಿ. ಇನ್ನು ನೀವು ಒಬ್ರೇ ಅಲ್ಲ. ಬಾಗಿಲಿಂದ ಹಿಂದೆ ಸರಿದು ಕೂತ್ಕೊಳಿ” ಎಂದರು. ಆಮೇಲೆ ಬೆಳಿಗ್ಗೆ ತಿಂಡಿ ಏನು ತಿಂದಿರಿ, ಮನೆಯಲ್ಲಿ ಯಾರ್‍ಯಾರಿದ್ದಾರೆ, ಶೂ ಕಚ್ಚುತ್ತಾ ಎಂದೆಲ್ಲ ವಿಚಾರಿಸುತ್ತಾ, ಕೈಯಲ್ಲಿ ತಮ್ಮ ಕೆಲಸ ಮಾಡಿಕೊಂಡರು. ಬಾಗಿಲು ತೆರೆಯುವ ಹೊತ್ತಿಗೆ ಗುಮಾಸ್ತ ತನ್ನ ಬಾಸಿನ ಬಗ್ಗೆ ಚಾಡಿ ಹೇಳುತ್ತಿದ್ದ.

“ಮೊದಲು ಮಾತು, ಆಮೇಲೆ ಸ್ಪ್ಯಾನರ್ರು” ಎಂದು ಹಿಂತಿರುಗುವಾಗ ಮಗನಿಗೆ ಹೇಳಿದ್ದರು. “ಒಳಗಿರೋರು ಎಲ್ಲಿದಾರೆ ಅಂತ ಗೊತ್ತಾಗೋವರ್ಗೂ ಬಾಗಿಲು ಮುಟ್ಬಾರ್ದು. ನಮ್ಮ ಕಂಪೆನೀಲಿ ಒಬ್ಬ ಸರಳು ಹಾಕಿ ಬಾಗಿಲು ಮೀಟಿದ. ಒಳಗಿದ್ದೋನು ಅದೇ ಬಾಗಿಲಿಗೆ ಒರಗಿ ಕೂತಿದ್ದ. ಸಿಕ್ಕಿಕೊಂಡಿದ್ದಕ್ಕೆ ಏನೂ ಆಗಿರ್ಲಿಲ್ಲ ಪಾಪ, ಬಿಡಿಸಿದ್ದಕ್ಕೆ ಹಲ್ಲು ಹೋಯ್ತು.”

ಅಂಥ ಮನುಷ್ಯನ ಗಂಟಲಿಗೆ ಆಪರೇಷನ್ ಆಗಿ ದನಿ ಹೊರಟೇ ಹೋಯಿತು. ಉಳಿದದ್ದು ಗಾಳಿ. ಪಕ್ಕದಲ್ಲಿ ಕೂತರೆ ಮಾತು ತಿಳಿಯುತ್ತದೆ. ಬಾಗಿಲಾಚೆ ಹೋದರೆ ಏನೂ ಇಲ್ಲ. ಜೊತೆಗೆ ಎಡಗಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಮನೆಯೋ ರೈಲು ಬೋಗಿಯಂತೆ ಉದ್ದ: ಮುಂದೆ ಕಿವಿರಾಯನ ಕೆಲಸದ ಕೋಣೆ, ನಡುವೆ ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರ, ಕೊನೆಯಲ್ಲಿ ಅಪ್ಪನ ಕೋಣೆ, ಅದಕ್ಕಂಟಿದ ಬಚ್ಚಲು. ಅಲ್ಲಿಂದ ಅವರು ತಟ್ಟೆ ಬಡಿದರೂ ಇಲ್ಲಿಗೆ ಕೇಳದು.

ಅದಕ್ಕೇ ಈ ಬೆಲ್ಲು. ಬಟನ್ ಒತ್ತಿದರೆ ಅಪ್ಪನ ಮಂಚದ ಬಳಿಯ ಪುಟ್ಟ ಡಬ್ಬಿ ಮನೆಯ ವೈಫೈ ಮೂಲಕ ಒಂದು ಪದವನ್ನು ಕಂಪ್ಯೂಟರಿಗೆ ಎಸೆಯುತ್ತದೆ. ಕಂಪ್ಯೂಟರ್ ಅದನ್ನು ಹಿಡಿದು ಟ್ರಿಣ್‌ಟ್ರಿಣ್ ಎಂದು ಅರಚುತ್ತದೆ. ಹೆಂಡತಿ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು, ಇವನು ಮನೆಯಲ್ಲಿರುವ ದಿನ ಹಗಲೆಲ್ಲ ಹೊರಗೆ. ಆಸ್ಪತ್ರೆಯ ಸರದಿ ಇಲ್ಲದಾಗ ಮನೆಯಲ್ಲಿ ಕೂತು ಅಪ್ಪನನ್ನು ನೋಡಿಕೊಳ್ಳುವವನು ಕಿವಿರಾಯನೇ. ಬೆಲ್ಲಿನ ಯಂತ್ರವನ್ನೂ ಅವನೇ ವಿಡಿಯೋ ನೋಡಿ ಜೋಡಿಸಿದ್ದ. ಎಸೆಯಬೇಕಾದ ಪದವಾಗಿ ಇಂಗ್ಲಿಷಿನ ನಾಲ್ಕು ಅಕ್ಷರಗಳಲ್ಲಿ ‘ಅಪ್ಪ’ ಎಂದು ಬರೆದು, ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡಿದ್ದ.

ಟೀಚರಮ್ಮ ಇಳಿದು ಹೋದ ಮೇಲೆ ಅವನು ಇಂಟರ್‌ನೆಟ್ಟಿನವರಿಗೆ ಫೋನ್ ಮಾಡಿದ. ಆ ಕಡೆಯ ಹುಡುಗಿಗೆ ಇಂಥವರು ಹೊಸಬರಲ್ಲ.

“ಬೆಳಿಗ್ಗೆ ಕರೆಂಟ್ ಹೋಗಿತ್ತಾ ಸಾರ್?”

“ಹೋಗಿ ಬಂತು.”

“ಅಷ್ಟೇ ಸಾರ್. ನಿಮ್ಮ ರೂಟರ್ ಹಾಸ್ಟೆಲ್ ವಾರ್ಡನ್ ಇದ್ದ ಹಾಗೆ. ಮನೇಲಿರೋ ಒಂದೊಂದು ಯಂತ್ರಕ್ಕೂ ಒಂದೊಂದು ರೂಮ್ ನಂಬರ್ ಕೊಡತ್ತೆ. ಅದೇ ಐಪಿ ಅಡ್ರೆಸ್ಸು. ಕರೆಂಟ್ ಹೋಗಿ ಬಂದ್ರೆ ಎಲ್ಲರೂ ಮತ್ತೆ ಕ್ಯೂ ನಿಲ್ತಾರೆ. ಯಾರು ಮೊದಲು ಬಂದ್ರೆ ಅವರಿಗೆ ಕೊಡತ್ತೆ. ನಿಮ್ಮ ಕಂಪ್ಯೂಟರಿಗೆ ಈಗ ಬೇರೆ ರೂಮ್ ಸಿಕ್ಕಿದೆ. ನಿಮ್ಮ ಬೆಲ್ಲು ಹಳೇ ರೂಮಿನ ಬಾಗಿಲು ತಟ್ತಾ ಇದೆ.”

“ಅಲ್ಲಿ ಈಗ ಯಾರಿದಾರೆ?”

“ಯಾರಾದ್ರೂ ಇರ್ಬಹುದು ಸಾರ್. ನಿಮ್ಮ ಟೀವಿ. ನಿಮ್ಮ ಮಿಸೆಸ್ ಮೊಬೈಲು. ಯಾರೂ ಇಲ್ದೇನೂ ಇರ್ಬಹುದು.”

ಈ ಕೊನೆಯ ಮಾತಿಗೆ ಕಿವಿರಾಯ ತಿರುಗಿ ರೂಟರನ್ನು ನೋಡಿದ. ರೂಟರಿನ ಹಸಿರು ದೀಪ ಮಿನುಗಿದರೆ ಲೋಕವೆಲ್ಲ ಕ್ಷೇಮವೆಂದು ನಂಬುವ ನಮ್ಮಂಥವರ ಪೈಕಿಯವನೇ ಅವನೂ. ಅಪ್ಪ ಕರೆದರೆ ಟೀವಿ ಕೇಳಿಸಿಕೊಂಡು ಸುಮ್ಮನಿರಬಹುದೆಂಬುದು ಅವನಿಗೆ ಹೊಳೆದಿರಲೇ ಇಲ್ಲ.

“ಇದಕ್ಕೇನು ದಾರಿ ತಾಯಿ?”

“ಕಂಪ್ಯೂಟರ್ ಹೆಸರಿಗೆ ಒಂದು ನಂಬರ್ ಕಾದಿರಿಸಿಬಿಡಿ. ಎಷ್ಟು ಸಲ ಕರೆಂಟ್ ಹೋದ್ರೂ ಅದು ಅವರಿಗೇ. ಬೇರೆ ಯಾರಿಗೂ ಕೊಡಲ್ಲ.”

ಅವಳು ಹೇಳಿದಂತೆ ಕಿವಿರಾಯ ರೂಟರಿನ ಪುಟ ತೆರೆದ. ಕಂಪ್ಯೂಟರ್ ಈಗ ಕೂತಿದ್ದ ನಂಬರಿನ ಬಾಲದಲ್ಲಿ ಇಪ್ಪತ್ತಮೂರು ಇತ್ತು. ಅದನ್ನೇ ಬೆಲ್ಲಿನ ಡಬ್ಬಿಗೂ ತಿಳಿಸಿದ. ಇನ್ನು ಇಪ್ಪತ್ತಮೂರನ್ನು ಯಾರ ಹೆಸರಿಗೆ ಬರೆಯಬೇಕೋ ಅವರನ್ನು ಪಟ್ಟಿಯಿಂದ ಆರಿಸಬೇಕು. ಪಟ್ಟಿಯಲ್ಲಿ ಮನೆಯ ಯಂತ್ರಗಳೆಲ್ಲ ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಪಕ್ಕ ಕಂಪೆನಿಯ ಹೆಸರು, ಆಮೇಲೆ ಕಾರ್ಖಾನೆಯಲ್ಲೇ ಹಣೆಗೆ ಬರೆದು ಕಳಿಸಿದ ಉದ್ದನೆಯ ಗುರುತಿನ ಸಂಖ್ಯೆ.

“ಸಿಕ್ತು, ನಮ್ಮ ಕಂಪ್ಯೂಟರ್ ಕಂಪೆನಿ ಹೆಸರೇ ಇದೆ” ಎಂದ.

“ಆ ಗುರುತಿನ ಸಂಖ್ಯೆ ಕಂಪ್ಯೂಟರ್‌ದೇನಾ ಅಂತ ಒಂದ್ಸಲ ತಾಳೆ ನೋಡಿ ಸಾರ್.”

ಕನ್ನಡಕ ಅಡುಗೆಮನೆಯಲ್ಲಿತ್ತು. “ನೋಡಿದೆ, ನೋಡಿದೆ” ಎಂದು ಕಿವಿರಾಯ ಒತ್ತಿಬಿಟ್ಟ.

ಬೆಲ್ಲು ಬಡಿಯಿತು. ಅಡುಗೆಮನೆ ದಾಟಿ ಅಪ್ಪನ ಮಂಚದವರೆಗೂ ಬಡಿಯಿತು. ಹೆಂಡತಿ ಕಿವಿ ಮುಚ್ಚಿಕೊಂಡು, “ಸಾಕು ರೀ, ಮಾವ ಲಿಫ್ಟಲ್ಲಿ ಸಿಕ್ಕಾಕ್ಕೊಂಡಿಲ್ಲ” ಎಂದಳು.

ಆದರೆ ಒಮ್ಮೆ ಹೊಕ್ಕ ಹೆದರಿಕೆ ಅಷ್ಟು ಸುಲಭಕ್ಕೆ ಹೊರಗೆ ಹೋಗುವುದಿಲ್ಲ. ಹಲ್ಲುಜ್ಜುವ ಮೊದಲು ಕಿವಿರಾಯ ಅಪ್ಪನಿಂದ ಬಟನ್ ಒತ್ತಿಸುತ್ತಿದ್ದ. ಊಟವಾದ ಮೇಲೆ ಮತ್ತೊಮ್ಮೆ. ಆಸ್ಪತ್ರೆಯಿಂದ ಹೆಂಡತಿಗೆ ಫೋನ್ ಮಾಡಿ, “ಒಂದ್ಸಲ ಒತ್ತಿಸು, ಕೇಳೋಣ” ಎನ್ನುತ್ತಿದ್ದ.

“ಲೋ, ಇದು ಬೆಲ್ಲಾ, ಔಷಧಾನಾ?” ಎಂದು ಲಿಫ್ಟಪ್ಪ ಗಾಳಿಯಲ್ಲೇ ಗದರಿದರು. “ದಿನಕ್ಕೆ ಮೂರು ಹೊತ್ತು, ಊಟದ ನಂತರ.”

“ಅಲ್ಲಪ್ಪ, ನೀವು ಒತ್ತಿದಾಗ ಬರ್ದೇ ಇದ್ರೆ?”

“ಬರ್ದೇ ಇದ್ರೆ ಬಂದಿಲ್ಲ ಅಂತ ಗೊತ್ತಾಗತ್ತೆ.”

ಡಬ್ಬಿಕೋಣೆಯೊಳಗೆ ಯಾರದೋ ಕಿವಿಗೆ ಸಣ್ಣ ಸದ್ದು ಬಿಡುತ್ತಾ ಕೂತಿರುವಾಗ ಕಿವಿರಾಯನಿಗೆ ಆ ಟ್ರಿಣ್‌ಟ್ರಿಣ್ ಕೇಳಿಸಿದಂತಾಗಿ ಮೈ ಜುಮ್ಮೆನ್ನುತ್ತಿತ್ತು. ಕೇಳಿಸದಿದ್ದರೆ ಇನ್ನೂ ಭಯ. ರಾಯರ ನಿದ್ದೆ ಕೆಟ್ಟಿತು, ಊಟ ಸೇರದಾಯಿತು. ಅವರಪ್ಪ ಮಾತ್ರ ಹೊತ್ತು ಹೊತ್ತಿಗೆ ಉಂಡು, ಮಧ್ಯಾಹ್ನ ಗೊರಕೆ ಹೊಡೆದು, ಆರಾಮಾಗಿದ್ದರು.

ಅದೊಂದು ರಜೆಯ ದಿನ. ಹೆಂಡತಿ ಯಾರಿಗೋ ಕಾರು ಹಿಂದಕ್ಕೆ ತೆಗೆಯುವುದನ್ನು ಕಲಿಸಲು ಹೋಗಿದ್ದಳು. ಮಧ್ಯಾಹ್ನದ ಊಟವಾದ ಮೇಲೆ ಅಪ್ಪ ಮಲಗಿದರು. ಫ್ಯಾನು ನಿಧಾನವಾಗಿ ನಿಂತಿತು, ಸ್ವಲ್ಪ ಹೊತ್ತಿಗೆ ಮತ್ತೆ ತಿರುಗಿತು. ಕರೆಂಟ್ ಹೋಗಿ ಬಂದದ್ದು ಕಿವಿರಾಯನಿಗೆ ಗೊತ್ತಾಯಿತು. ಮೊದಲಾಗಿದ್ದರೆ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ನಂಬರ್ ಕಾದಿರಿಸಿದೆಯಲ್ಲ! ಅಪ್ಪನನ್ನು ಎಬ್ಬಿಸಿ ಒತ್ತಿಸೋಣವೆಂದು ಅರ್ಧ ಎದ್ದವನು, ಮತ್ತೆ ಬೈಸಿಕೊಳ್ಳುವುದೇಕೆಂದು ಕೂತ. ಕಂಪ್ಯೂಟರ್ ಶುರು ಮಾಡಿ, ಹೆಡ್‌ಫೋನ್ ಏರಿಸಿ, ಆಸ್ಪತ್ರೆಯ ಕೆಲಸ ಹಿಡಿದ. ಕಿವಿ ಪರೀಕ್ಷೆಗೆಂದು ಅವನದೇ ದನಿಯಲ್ಲಿ ಹೇಳಿಟ್ಟ ಪದಗಳನ್ನು ಸರಿಯಾಗಿ ಬಂದಿವೆಯೋ ಎಂದು ಕೇಳಿ ನೋಡಬೇಕಿತ್ತು. ಬೆಲ್ಲಿಗೆ ಬೇರೆಯೇ ಸ್ಪೀಕರ್ ಇಟ್ಟಿದ್ದ. ಅದರ ಅಬ್ಬರಕ್ಕೆ ಹೆಡ್‌ಫೋನು ಯಾವ ಲೆಕ್ಕ?

“ಮರ” ಎಂದಿತು ಅವನ ದನಿ ಅವನ ಕಿವಿಯಲ್ಲಿ. “ಕಲ್ಲು. ನೀರು. ಹಗ್ಗ.”

ಬೆನ್ನ ಹಿಂದೆ ಕಪಾಟಿನ ಮೇಲಿದ್ದ ಪ್ರಿಂಟರ್ ಒಂದು ಹಾಳೆಯನ್ನು ನಿಧಾನವಾಗಿ ಹೊರಗೆ ತಳ್ಳಿತು. ಹಾಳೆ ತೇಲಿ ಬಂದು ಕವುಚಿ ನೆಲಕ್ಕೆ ಬಿತ್ತು. ಕಿವಿರಾಯ ಓರೆಗಣ್ಣಲ್ಲಿ ನೋಡಿದ. ಆ ಪ್ರಿಂಟರಿಗೆ ಹಳೆಯ ಚಾಳಿಯೊಂದಿತ್ತು: ಕರೆಂಟ್ ಹೋಗಿ ಬಂದಾಗಲೆಲ್ಲ ತನ್ನ ಶಾಯಿ ಹೇಗಿದೆ, ಮೈ ಹೇಗಿದೆ ಎಂದು ಒಂದು ಹಾಳೆ ತಾನೇ ಅಚ್ಚು ಹಾಕಿ ಬಿಸಾಡುವುದು. ‘ಶುರುವಾಯ್ತು ಇದರ ಗೋಳು’ ಎಂದುಕೊಂಡು ಮತ್ತೆ ಪದಗಳಿಗೆ ತಿರುಗಿದ.

ಇನ್ನೊಂದು ಹಾಳೆ ಬಿತ್ತು. ಮತ್ತೊಂದು.

“ಥೂ ನಿನ್ನ! ಕಾಗದ ಏನು ಮರದಲ್ಲಿ ಬಿಡತ್ತಾ?” ಎಂದು ಬೈದು, ಕಾಗದ ಬರುವುದು ಮರದಿಂದಲೇ ಎಂಬುದು ನೆನಪಾಗಿ ತಾನೇ ನಕ್ಕು, ಎದ್ದು ಹೋಗಿ ಪ್ರಿಂಟರಿನ ಪ್ಲಗ್ ಕಿತ್ತ. ನಾಲ್ಕನೆಯ ಹಾಳೆ ಅರ್ಧಕ್ಕೇ ನಿಂತಿತು, ನಾಲಿಗೆ ಹೊರಚಾಚಿದಂತೆ. ಕಿವಿರಾಯ ನೆಮ್ಮದಿಯಿಂದ ಬಂದು ಕೂತ.

“ಬೆಕ್ಕು. ದೀಪ. ಗಂಟೆ.”

‘ಗಂಟೆ’ ಸ್ವಲ್ಪ ಗೊಗ್ಗರಾಗಿ ಬಂದಿತ್ತು. ಮತ್ತೆ ಹೇಳಬೇಕೆಂದು ಗುರುತು ಹಾಕಿಕೊಳ್ಳಲು ಕೈಗೆ ಸಿಕ್ಕ ಕಾಗದಕ್ಕೆ ಬಗ್ಗಿದ. ನೆಲದ ಮೇಲಿನ ಹಾಳೆಯನ್ನು ಎತ್ತಿ ಮೇಜಿನ ಮೇಲಿಟ್ಟ. ಖಾಲಿ ಬೆನ್ನಿನ ಮೇಲೆ ಪೆನ್ನಿಟ್ಟ. ಆಚೆ ಬದಿಯಿಂದ ಏನೋ ಕಪ್ಪಗೆ ಕಾಣುತ್ತಿತ್ತು. ಶಾಯಿಯ ಪಟ್ಟೆಗಳಲ್ಲ, ಸಣ್ಣದೇನೋ. ಹಾಳೆ ತಿರುಗಿಸಿದ.

ಎಡಮೂಲೆಯಲ್ಲಿ ಒಂದೇ ಒಂದು ಪದ. ಇಂಗ್ಲಿಷಿನ ನಾಲ್ಕು ಅಕ್ಷರ. ಅವನೇ ಬರೆದುಕೊಟ್ಟಿದ್ದು.

ಅಪ್ಪ.

ಎರಡನೆಯ ಹಾಳೆ ತಿರುಗಿಸಿದ. ಅಪ್ಪ. ಮೂರನೆಯದನ್ನೂ ತಿರುಗಿಸಿದ. ಅಪ್ಪ. ಪ್ರಿಂಟರಿನ ಬಾಯಲ್ಲಿ ಅರ್ಧ ನಿಂತ ಹಾಳೆಯಲ್ಲೂ ಅದೇ.

ಅವರು ಕರೆದಿದ್ದರು. ಇವನು ಎದ್ದು ಹೋಗಿ ಅವರ ಬಾಯಿ ಮುಚ್ಚಿಸಿ ಬಂದಿದ್ದ. ಪ್ಲಗ್ ಕಿತ್ತ ಮೇಲೆ ಎಷ್ಟು ಸಲ ಒತ್ತಿದರೋ, ಅದು ಯಾವ ಕಾಗದದ ಮೇಲೂ ಬಿದ್ದಿಲ್ಲ.

ಹೆಡ್‌ಫೋನಿನ ವೈರು ಕಾಲಿಗೆ ಸುತ್ತಿಕೊಂಡು ಕುರ್ಚಿ ಉರುಳಿತು. ಕಿವಿರಾಯ ಅಡುಗೆಮನೆ ದಾಟಿದ್ದು, ಒಗೆಯುವ ಯಂತ್ರಕ್ಕೆ ಮಂಡಿ ಬಡಿದದ್ದು ಯಾವುದೂ ಅವನ ಅರಿವಿಗೆ ಬರಲಿಲ್ಲ. ಅಪ್ಪನ ಮಂಚ ಖಾಲಿ. ಹೊದಿಕೆ ಅರ್ಧ ನೆಲಕ್ಕೆ ಜಾರಿದೆ. ಒಂದು ಚಪ್ಪಲಿ ಇದೆ, ಇನ್ನೊಂದಿಲ್ಲ. ಬಚ್ಚಲ ಬಾಗಿಲು ಮುಚ್ಚಿದೆ, ಒಳಗಿನಿಂದ ಚಿಲಕ ಹಾಕಿದೆ.

“ಅಪ್ಪಾ!”

ನೀರಿನ ಸದ್ದಿಲ್ಲ. ಏನೂ ಇಲ್ಲ.

“ಅಪ್ಪಾ! ಅಪ್ಪಾ!” ಎಂದು ಬಾಗಿಲಿಗೆ ಎರಡೂ ಕೈಯಿಂದ ಬಡಿದ. ಹೆಗಲು ಕೊಟ್ಟು ಗುದ್ದಿದ. ಬಾಗಿಲು ನಡುಗಿತು, ಜಗ್ಗಲಿಲ್ಲ. ಹಿಂದೆ ಸರಿದು ಮತ್ತೆ ಗುದ್ದಿದ. ಹೆಗಲಿನಲ್ಲಿ ಏನೋ ಚಳಕ್ ಎಂದಿತು. ಆಮೇಲೆ ಕಿವಿಯನ್ನು ಬಾಗಿಲಿಗೆ ಒತ್ತಿ ಉಸಿರು ಬಿಗಿಹಿಡಿದ.

ಒಳಗೆ ಉಸಿರಾಟವಿತ್ತೇ? ಇತ್ತು. ಇರಲಿಲ್ಲ. ಕೇಳಿಸಿದ್ದು ತನ್ನ ರಕ್ತದ ಸದ್ದೋ ಅಪ್ಪನ ಉಸಿರೋ? ಬೇಕೆಂದು ಕಾಯುವವನ ಕಿವಿ ಇಲ್ಲದ್ದನ್ನೂ ಹುಟ್ಟಿಸಿಕೊಳ್ಳುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಬೀದಿಯಲ್ಲಿ ಯಾರಿದ್ದರು? ‘ಕೇಳಿಸ್ತು, ಕೇಳಿಸ್ತು’ ಎಂದು ಕೂಗಿ ಮಂಗನಾದವನು ತಾನೇ. ಈಗ ಏನು ಕೇಳಿಸಿದರೂ ನಂಬುವ ಹಾಗಿರಲಿಲ್ಲ. ಮೊಬೈಲ್ ತೆಗೆದು ಹೆಂಡತಿಗೆ ಒತ್ತಿದ.

“ಅಪ್ಪ ಬಚ್ಚಲಲ್ಲಿ... ಚಿಲಕ... ಮಾತೇ ಇಲ್ಲ ಕಣೇ... ಪ್ರಿಂಟರಲ್ಲಿ ಬಂತು, ನಾನು ಪ್ಲಗ್ ಕಿತ್ತೆ...”

ಆ ಕಡೆಯಿಂದ ಮೊದಲು ಕೇಳಿಸಿದ್ದು ಬೇರೆ ಯಾರಿಗೋ ಹೇಳಿದ ಮಾತು: “ಬ್ರೇಕ್ ಒತ್ತಿ. ಎಡಕ್ಕೆ ನಿಲ್ಸಿ. ಪರವಾಗಿಲ್ಲ, ಫುಟ್‌ಪಾತ್ ಮೇಲೇ ನಿಲ್ಸಿ.” ಆಮೇಲೆ ಅದೇ ದನಿಯಲ್ಲಿ ಇವನಿಗೆ: “ನೀವೂ ಬ್ರೇಕ್ ಒತ್ತಿ. ಉಸಿರು ಬಿಡಿ. ಈಗ ಏನ್ ಮಾಡ್ತಿದೀರಿ?”

“ಬಾಗಿಲು ಒಡೀತಿದೀನಿ.”

“ಮಾವನ ಹತ್ರ ಮಾತಾಡಿದ್ರಾ?”

“ಕೂಗಿದೆ.”

“ಕೂಗೋದಲ್ಲ ರೀ. ಮಾತಾಡಿ. ಅವರಿಗೆ ದನಿ ಇಲ್ಲ ಅಂತ ಕಿವೀನೂ ಇಲ್ವಾ? ನಾನು ಬಂದೆ.”

ಕಿವಿರಾಯ ಮೊಬೈಲ್ ಬದಿಗಿಟ್ಟ. ನೆಲದ ಮೇಲೆ ಅಡ್ಡಬಿದ್ದು ಬಾಗಿಲ ಕೆಳಗಿನ ಸಂದಿಗೆ ಬಾಯಿಟ್ಟ. ನೆಲ ತಣ್ಣಗಿತ್ತು, ಸಾಬೂನಿನ ವಾಸನೆ ಬರುತ್ತಿತ್ತು.

“ಅಪ್ಪಾ, ನಾನು ಬಂದಿದೀನಿ” ಎಂದ. “ಇನ್ನು ನೀವು ಒಬ್ರೇ ಅಲ್ಲ.”

ಹೇಳಿದ ಮೇಲೆ, ಇನ್ನು ಮುಂದೆ ಏನು ಹೇಳುವುದೆಂದು ತೋಚಲಿಲ್ಲ. ಅಪ್ಪನಾದರೆ ಒಳಗಿನವರನ್ನು ತಿಂಡಿ, ಶೂ, ಬಾಸು ಎಂದೆಲ್ಲ ಕೇಳುತ್ತಿದ್ದರು. ಇವನು ಅಪ್ಪನನ್ನು ಏನು ಕೇಳಬೇಕು? “ಮಧ್ಯಾಹ್ನ ಊಟ ಸೇರ್ತಾ?” ಎಂದ, ಬಡಿಸಿದವನು ತಾನೇ. “ಅನ್ನ ಸ್ವಲ್ಪ ಮೆತ್ತಗಾಗಿತ್ತು, ಅಲ್ವಾ? ನಿಮಗೆ ಗೊತ್ತಾಯ್ತು, ನೀವು ಹೇಳ್ಲಿಲ್ಲ. ನನ್ನ ಬೆಲ್ಲು ಕೆಟ್ಟಿದೆ ಅಪ್ಪ. ನೀವು ಕರೆದಿದ್ದು ಬಂತು, ನನಗೆ ಗೊತ್ತಾಗ್ಲಿಲ್ಲ. ನೀವು ಏನೂ ಮಾತಾಡ್ಬೇಡಿ. ಇರಿ. ಅಲ್ಲೇ ಇರಿ.” ಎಲ್ಲಿಗೂ ಹೋಗಲಾರದವರಿಗೆ ಅಲ್ಲೇ ಇರಿ ಎನ್ನುತ್ತಿದ್ದೇನೆಂದು ಹೊಳೆಯಲೂ ಇಲ್ಲ.

ಮಾತು ಮುಗಿಯಿತು. ಸುಮ್ಮನೆ ಮಲಗಿದ. ಒಳಗಿನ ನಲ್ಲಿಯಿಂದ ಒಂದು ಹನಿ ಬಕೆಟ್ಟಿಗೆ ಬಿತ್ತು. ಇನ್ನೊಂದು ಬೀಳುವವರೆಗೆ ಅವನ ಆಯುಷ್ಯವೇ ಕಳೆದಂತಿತ್ತು.

ಆಗ ನೆಲದ ಮೇಲೆ ಕಬ್ಬಿಣ ಉಜ್ಜಿದ ಸದ್ದಾಯಿತು. ಕ್ರ್‌ರ್. ನಿಂತಿತು. ಮತ್ತೆ ಕ್ರ್‌ರ್. ಕಿವಿರಾಯ ನಂಬಲಿಲ್ಲ. ಇದೂ ತನ್ನ ಕಿವಿಯದೇ ಕರಾಮತ್ತೆಂದುಕೊಂಡ. ಆದರೆ ಕಣ್ಣೆದುರಿಗೇ, ಬಾಗಿಲ ಕೆಳಗಿನ ಸಂದಿಯಿಂದ, ಒದ್ದೆ ದಾರದ ಕುಣಿಕೆಯೊಂದು ಹೊರಗೆ ಬಂತು. ಅದರ ಹಿಂದೆ ಬಟನ್. ಬಟನ್ನಿನ ಹಿಂದೆ ಬೆರಳುದ್ದದ ಒಂದು ಬೀಗದ ಕೈ.

ಲಿಫ್ಟಿನ ಬೀಗದ ಕೈ! ಪ್ರತಿ ಮಹಡಿಯಲ್ಲೂ ಲಿಫ್ಟಿನ ಬಾಗಿಲ ನೆತ್ತಿಯಲ್ಲೊಂದು ಪುಟ್ಟ ತೂತಿರುತ್ತದೆ. ಮೆಕ್ಯಾನಿಕ್ ಅದರಲ್ಲಿ ಈ ಬೀಗದ ಕೈ ಹಾಕಿ ತಿರುಗಿಸಿದರೆ ಹೊರಗಿನಿಂದಲೇ ತೆರೆಯುತ್ತದೆ. ಈ ಮನೆಗೆ ಬಂದ ಹೊಸದರಲ್ಲಿ ಲಿಫ್ಟಪ್ಪ ಬಚ್ಚಲ ಬಾಗಿಲನ್ನು ತಾವೇ ಕೂರಿಸಿ, ಅದಕ್ಕೂ ಅಂಥದೇ ತೂತು, ಅಂಥದೇ ಚಿಲಕ ಮಾಡಿದ್ದರು. “ಬಚ್ಚಲ ಬಾಗಿಲಿಗೆ ತೂತು ಯಾರ ಮನೇಲಿರತ್ತೆ ಮಾವ? ಬಂದೋರು ಏನಂದ್ಕೋತಾರೆ?” ಎಂದು ಸೊಸೆ ಅದರ ಮೇಲೊಂದು ಬಾತುಕೋಳಿಯ ಸ್ಟಿಕರ್ ಅಂಟಿಸಿದ್ದಳು. ಬಾತುಕೋಳಿ ಅಷ್ಟು ವರ್ಷ ಅಲ್ಲಿ ಈಜುತ್ತಿತ್ತು, ಅದರ ಹಿಂದೇನಿದೆಯೆಂದು ಮನೆಮಂದಿ ಮರೆತೇ ಹೋಗಿದ್ದರು. ಕಿವಿರಾಯ ಉಗುರಿನಿಂದ ಬಾತುಕೋಳಿಯ ಹೊಟ್ಟೆ ಬಗೆದು ಬೀಗದ ಕೈ ತೂರಿಸಿದ. ಎರಡು ಸಲ ತಪ್ಪಿತು. ಆಮೇಲೆ ಟಕ್.

“ನಿಧಾನ” ಎಂದಿತು ಬಾಗಿಲಿಗಂಟಿಕೊಂಡೇ ಒಂದು ಗಾಳಿಯಂಥ ದನಿ. “ತಡಿ. ಕಾಲು ತೆಕ್ಕೋತೀನಿ.”

ಲಿಫ್ಟಪ್ಪ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದರು. ಎಡಗಾಲು ಅಡ್ಡಕ್ಕೆ ಮಡಿಚಿತ್ತು. ಮುಖ ಬಿಳಿಚಿ, ತುಟಿ ಒಣಗಿತ್ತು. ಕಿವಿರಾಯ ಅಲ್ಲೇ ಒದ್ದೆ ನೆಲದ ಮೇಲೆ ಕೂತು ಅವರ ತಲೆಯನ್ನು ತೋಳಿನ ಮೇಲಿಟ್ಟುಕೊಂಡ. ಅಪ್ಪನ ಎದೆ ಏರಿಳಿಯುವುದನ್ನು ಕೈಯಿಟ್ಟು ನೋಡುತ್ತಾ ಕೂತ. ಇದನ್ನು ಕಿವಿಯ ಮೇಲೆ ಬಿಡುವ ಧೈರ್ಯ ಅವನಿಗಿರಲಿಲ್ಲ.

ಹೆಂಡತಿ ಮೆಟ್ಟಿಲು ಹಾರಿ ಬಂದಳು. ಅವಳ ಹಿಂದೆಯೇ ಬೀದಿಯ ಡಾಕ್ಟರು, ಮೂರು ಮಹಡಿ ಹತ್ತಿದ ಏದುಸಿರಿಗೆ ಮೊದಲು ಅವರನ್ನೇ ಕೂರಿಸಿ ನೀರು ಕೊಡಬೇಕಾಯಿತು. ಮೂಳೆ ಮುರಿದಿಲ್ಲ, ಸೊಂಟ ಉಳುಕಿದೆ ಎಂದರು. ಮಾತ್ರೆ ಬರೆದರು. ಇಳಿಯುವ ಮೊದಲು, “ಈ ಕಟ್ಟಡಕ್ಕೊಂದು ಲಿಫ್ಟ್ ಹಾಕ್ಸಬಾರ್ದಾ?” ಎಂದು ಲಿಫ್ಟಪ್ಪನನ್ನೇ ಕೇಳಿದರು.

ಅಪ್ಪನನ್ನು ಮಲಗಿಸಿದ ಮೇಲೆ ಹೆಂಡತಿ ಕನ್ನಡಕವನ್ನು ತಂದು ಗಂಡನ ಮೂಗಿನ ಮೇಲೆ ತಾನೇ ಏರಿಸಿದಳು. ಪ್ರಿಂಟರಿನ ಬೆನ್ನ ಮೇಲಿನ ಚೀಟಿ ನೋಡಿ ಅವಳು ಗುರುತಿನ ಸಂಖ್ಯೆ ಓದಿದಳು. ಅವನು ರೂಟರಿನ ಪುಟದಲ್ಲಿ ಬೆರಳಿಟ್ಟು ನೋಡಿದ. ಒಂದೊಂದು ಅಕ್ಷರ ಕೂಡಿದಾಗಲೂ ಅವನ ಮುಖ ಇಳಿಯುತ್ತಾ ಹೋಯಿತು. ಕಂಪ್ಯೂಟರ್, ಪ್ರಿಂಟರ್ ಎರಡೂ ಒಂದೇ ಕಂಪೆನಿಯವು. ಪಟ್ಟಿಯಲ್ಲಿ ಒಂದರ ಕೆಳಗೊಂದು ನಿಂತಿದ್ದವು. ಇಪ್ಪತ್ತಮೂರನ್ನು ಅವನು ಕಾದಿರಿಸಿದ್ದು ಪ್ರಿಂಟರಿಗೆ. ಕಂಪ್ಯೂಟರ್ ಆ ಜಾಗದಲ್ಲಿ ಕೂತಿದ್ದರಿಂದ ಅವತ್ತು ಬೆಲ್ಲು ಬಡಿಯಿತು. ಇವತ್ತು ಕರೆಂಟ್ ಹೋಗಿ ಬಂದು ಎಲ್ಲರೂ ಮತ್ತೆ ಕ್ಯೂ ನಿಂತಾಗ, ರೂಟರ್ ನಿಯತ್ತಾಗಿ ಪ್ರಿಂಟರನ್ನು ಕರೆದು ಅದರ ಜಾಗದಲ್ಲಿ ಕೂರಿಸಿತು. ಬಾಗಿಲಿಗೆ ಯಾವ ಅಕ್ಷರ ಬಂದರೂ ಅಚ್ಚು ಹಾಕುವುದು ಆ ಪ್ರಿಂಟರಿನ ಗುಣ. ಅದು ತನ್ನ ಕೆಲಸ ಮಾಡಿತು.

“ಚೆನ್ನಾಗಿದೆ” ಎಂದಳು ಹೆಂಡತಿ. “ಪ್ರಿಂಟರಿಗೆ ಸೀಟ್ ಹಿಡಿದು ಕೊಟ್ಟು, ಮಾವನ್ನ ನಿಲ್ಸಿದ್ರಿ.”

ಕಿವಿರಾಯ ಹಳೆಯದನ್ನು ಅಳಿಸಿ ಕಂಪ್ಯೂಟರಿನ ಸಂಖ್ಯೆಯನ್ನು ಅಕ್ಷರ ಅಕ್ಷರ ತಾಳೆ ನೋಡಿ ಬರೆದ. ಹೆಂಡತಿ ನೋಡಿದಳು. ಅಷ್ಟಕ್ಕೂ ಸಮಾಧಾನವಾಗದೆ ಕೆಳಗಿನ ಟೀಚರಮ್ಮನನ್ನು ಕರೆದು ಅವರಿಗೂ ತೋರಿಸಿದ. ಅವರು ಅಭ್ಯಾಸಬಲದಿಂದ ಕೆಂಪು ಪೆನ್ನು ಹುಡುಕಿದರು. ಆಮೇಲೆ ಕಿವಿರಾಯ ಹೋಗಿ ಮನೆಯ ಮೇನ್ ಸ್ವಿಚ್ಚನ್ನೇ ಇಳಿಸಿ, ಮತ್ತೆ ಏರಿಸಿದ. ರೂಟರ್ ಕೆಂಪಗಾಯಿತು, ಮಿನುಗಿತು, ಹಸಿರಾಯಿತು. ಹಸಿರನ್ನು ನೋಡಿ ಅವನಿಗೆ ಈಗ ಯಾವ ಧೈರ್ಯವೂ ಬರಲಿಲ್ಲ.

“ಮಾವ ಒತ್ತಲಾ ಅಂತ ಕೇಳ್ತಿದಾರೆ” ಎಂದಳು ಹೆಂಡತಿ ಅಡುಗೆಮನೆಯ ಬಾಗಿಲಿಂದ.

“ಹೂಂ ಅನ್ನು.”

ಟ್ರಿಣ್‌ಟ್ರಿಣ್ ಎಂದಿತು. ಕಿವಿರಾಯ ಅಲ್ಲಾಡಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತಾ ಮೆಲ್ಲಗೆ ಕೇಳಿದ: “ನಿನಗೂ ಕೇಳಿಸ್ತಾ?”

“ಕೆಳಗೆ ನಿಲ್ಸಿರೋ ಕಾರಿಗೂ ಕೇಳಿಸ್ತು. ಅದರೊಳಗೆ ಪಾಪ ಕಾರು ಕಲೀತಿದ್ದ ಹುಡುಗಿ ಇನ್ನೂ ಬ್ರೇಕ್ ಒತ್ಕೊಂಡೇ ಕೂತಿದಾಳೆ” ಎಂದು ಅವಳು ಕೆಳಗೆ ಓಡಿದಳು.

ಕಿವಿರಾಯ ಹಿಂದಿನ ಕೋಣೆಗೆ ಹೋದ. ಲಿಫ್ಟಪ್ಪ ಬಿಸಿನೀರಿನ ಚೀಲವನ್ನು ಸೊಂಟಕ್ಕೆ ಒತ್ತಿಕೊಂಡು ಚಾವಣಿ ನೋಡುತ್ತಾ ಮಲಗಿದ್ದರು. ಕೊರಳಲ್ಲಿ ಬಟನ್ನೂ ಬೀಗದ ಕೈಯೂ ಮತ್ತೆ ಒಟ್ಟಿಗೆ ತೂಗುತ್ತಿದ್ದವು. ಕಿವಿರಾಯ ಮಂಚದ ಅಂಚಿಗೆ ಕೂತ. ಏಟು ಬಿದ್ದ ಹೆಗಲು ಈಗ ನೋಯಲು ಶುರುವಾಗಿತ್ತು. ಕೇಳಬೇಕೋ ಬೇಡವೋ ಎಂದು ಹೊದಿಕೆಯ ಅಂಚನ್ನು ಮಡಿಚಿದ, ಬಿಡಿಸಿದ.

“ಅಪ್ಪ, ಒಳಗೆ ಒಬ್ರೇ ಬಿದ್ದಿದ್ರಲ್ಲ. ಒತ್ತಿದ್ರೂ ಯಾರೂ ಬರ್ಲಿಲ್ಲ. ಹೆದರಿಕೆ ಆಯ್ತಾ?”

ಲಿಫ್ಟಪ್ಪ ಕತ್ತು ಹೊರಳಿಸಿ ಮಗನ ಹೆಗಲನ್ನೊಮ್ಮೆ ನೋಡಿದರು.

“ಆಯ್ತು” ಎಂದರು. “ನೀನು ಬಂದ್ಮೇಲೆ.”